ನಾಲ್ಕು ಗಂಟೆಯ ಚುಕ್ಕಿ

ಅಣ್ಣನ ಜ್ವರದ ತಖ್ತೆ ಬರೆದವಳು ನಾನು. ಇದು ಮನೆಯವರಿಗೆಲ್ಲ ಗೊತ್ತು. ಅದರಲ್ಲಿ ಐದು ಚುಕ್ಕಿಗಳನ್ನು ಥರ್ಮಾಮೀಟರ್ ಮುಟ್ಟದೆಯೇ ಇಟ್ಟೆ ಎಂಬುದು ಯಾರಿಗೂ ಗೊತ್ತಿಲ್ಲ.

ಸಾವಿರದೊಂಬೈನೂರ ಮೂವತ್ತರ ಆಸುಪಾಸಿನ ಮಾತು. ತಂದೆ ಅಕ್ಕಲಕೋಟೆಯ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರು. ಅಣ್ಣ ಸೊಲ್ಲಾಪುರದ ಒಂದು ಗಿರಣಿಯ ಆಫೀಸಿನಲ್ಲಿದ್ದ. ಚೈತ್ರದ ಬಿಸಿಲಿನಲ್ಲಿ ಜ್ವರ ಹೊತ್ತುಕೊಂಡು ಮನೆಗೆ ಬಂದ. ಸೊಲ್ಲಾಪುರದಿಂದ ಬಂದ ಡಾಕ್ಟರರು ಮುದ್ದತಿ ಜ್ವರ, ಅಂದರೆ ಟೈಫಾಯ್ಡ್ ಎಂದರು. ಒಳಗೆ ಕರುಳು ಹುಣ್ಣಾಗಿರುತ್ತದೆ, ಜ್ವರ ಪೂರ್ತಿ ಬಿಡುವ ತನಕ ಗಂಜಿಯ ತಿಳಿಯೊಂದೇ, ಒಂದು ಅಗುಳೂ ಹೊಟ್ಟೆಗೆ ಹೋಗಕೂಡದು.

ಅವರಿಗೆ ದಿನಾ ಬರಲು ಆಗುತ್ತಿರಲಿಲ್ಲ. ಚೌಕಳಿ ಗೆರೆಯ ಒಂದು ಕಾಗದ ಕೊಟ್ಟರು. ಮುಂಜಾನೆ ಏಳಕ್ಕೊಂದು, ಸಂಜೆ ನಾಲ್ಕಕ್ಕೊಂದು ಚುಕ್ಕಿ ಇಟ್ಟು ಗೆರೆ ಕೂಡಿಸಬೇಕು. ಅಡ್ಡಕ್ಕೆ ಒಂದು ಕೆಂಪು ಗೆರೆ. ಐದು ದಿನ ಎರಡೂ ಹೊತ್ತಿನ ಚುಕ್ಕಿ ಅದನ್ನು ದಾಟದಿದ್ದರೆ ಅನ್ನ ಕೊಡಬಹುದು. ತಂದೆ ಕಾಗದವನ್ನು ರೈಲಿನಲ್ಲಿ ಒಯ್ದು ಅವರಿಗೆ ತೋರಿಸಿ ಬರಬೇಕು.

ನಾನು ಮರಾಠಿ ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಅಣ್ಣನೇ ಮಲಗಿದಲ್ಲಿಂದ ಕಲಿಸಿದ. ಅವನ ಆಫೀಸಿನ ಗೋಡೆಗೆ ನೂಲಿನ ಉತ್ಪನ್ನದ ಇಂಥದೇ ತಖ್ತೆ ತೂಗುಹಾಕಿದ್ದರಂತೆ.

“ಒಂದೊಂದ ಚುಕ್ಕಿ ನೋಡಬ್ಯಾಡ. ಗೆರಿ ಯಾವ ಕಡಿ ಹೊಂಟದ ನೋಡು. ನಮ್ಮ ಸಾಹೇಬ ಪುಸ್ತಕ ತೆರಿಯೂದೇ ಇಲ್ಲ, ಗೋಡಿ ನೋಡೇ ಬೈತಾನ.”

“ನಿನಗೂ ಬೈತಿದ್ನೇನು?”

“ನನಗ ಭಾಳ. ಅದಕ್ಕ ಜ್ವರಾ ಬಂತು ನೋಡು.”

ಓದು ಬಾರದ ಅವ್ವ ಆ ಕಾಗದದ ಹತ್ತಿರವೇ ಬರುತ್ತಿರಲಿಲ್ಲ. “ಹಾವ ಹರದಂಗ ಕಾಣತದ. ಸಂಜಿ ಆತಂದ್ರ ತಲಿ ಎತ್ತತದ” ಎನ್ನುವಳು.

ಎರಡು ವಾರ ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ಮೂರನೆಯ ವಾರ ಮುಂಜಾನೆಯ ಚುಕ್ಕಿಗಳು ಕೆಂಪು ಗೆರೆಯ ಕೆಳಗಿಳಿದವು. ನಾಲ್ಕು ಗಂಟೆಯವು ಇನ್ನೂ ಮೇಲೆಯೇ ಇದ್ದವು. ಆಗ ಬಾಜೂ ಮನೆಯಲ್ಲಿ ಮದುವೆಯ ಶಾವಿಗೆ ಹೊಸೆಯುವುದು ಶುರುವಾಯಿತು. ಮಧ್ಯಾಹ್ನವಾದರೆ ಹೆಂಗಸರ ಹಾಡು, ನಗು ಗೋಡೆಯಾಚೆಯಿಂದ ಕೇಳುತ್ತಿತ್ತು. ನನಗೆ ಹದಿನಾಲ್ಕು ವರ್ಷ. ಉಂಡ ಮೇಲೆ ಹೋದೆ, ದೀಪ ಹಚ್ಚುವ ಹೊತ್ತಿಗೆ ಬಂದೆ.

ಮರುದಿನ ಏಳರ ಚುಕ್ಕಿ ಇಡುವಾಗ ನಡುವೆ ಒಂದು ಜಾಗ ಖಾಲಿ ಕಂಡಿತು. ಅಂಗಳದ ರಂಗೋಲಿಯಲ್ಲಿ ಚುಕ್ಕಿ ತಪ್ಪಿದರೆ ಅತ್ತಿತ್ತಲ ಎರಡನ್ನು ನೋಡಿ ನಡುವೆ ಒಂದು ಇಡುತ್ತೇವೆ. ಹಾಗೆಯೇ ಇಟ್ಟೆ. ಎರಡು ಮುಂಜಾನೆಗಳ ನಡುವಿನ ಸಂಜೆಯೂ ಕೆಂಪು ಗೆರೆಯ ಕೆಳಗೇ ಬಂದಿತು. ನೋಡಲು ಸರಿಯಾಗಿಯೇ ಇತ್ತು.

ಐದು ದಿನ ಹೀಗೇ ನಡೆಯಿತು. ಮೂರನೆಯ ದಿನ ನಡುವೆ ಒಮ್ಮೆ ನೀರು ಕುಡಿಯಲು ಮನೆಗೆ ಬಂದೆ. ಅಣ್ಣ ನಿದ್ದೆಯಲ್ಲಿದ್ದ. ಹೊದಿಕೆ ಸರಿಪಡಿಸುವಾಗ ಕೈ ಅವನ ಪಾದಕ್ಕೆ ತಾಗಿತು. ಸುಡುತ್ತಿತ್ತು. ಈ ಬಿಸಿಲಿಗೆ ಗೋಡೆಯೂ ಸುಡುತ್ತದೆ ಎಂದುಕೊಂಡು ಹೊರಟುಹೋದೆ.

ಐದನೆಯ ದಿನದ ಮರುದಿನ ಅಣ್ಣ ಕಾಗದ ತರಿಸಿಕೊಂಡು ಬಹಳ ಹೊತ್ತು ನೋಡಿದ.

“ಸಂಜೀಕ ಮೈ ಕಾವ ಅನಸ್ತದ ನನಗ. ಆದ್ರ ಗೆರಿ ಇಳದದಲ್ಲ, ಬರೇ ಅಶಕ್ತಿ ಇರಬೇಕು. ಅವ್ವಾ, ರೊಟ್ಟಿ ಬಡಿಯೂ ತಯಾರಿ ಮಾಡು!”

ತಂದೆ ಸೊಲ್ಲಾಪುರದಿಂದ ನಗುತ್ತ ಬಂದರು. “ಮೆತ್ತಗ ಅನ್ನಾ ಕೊಡ್ರಿ ಅಂದ್ರು. ಮಗಳು ಚಂದ ಬರದಾಳ ಅಂತನೂ ಅಂದ್ರು.”

ಅವ್ವ ಅಕ್ಕಿ ತೊಳೆದಳು. ಒಲೆ ಹಚ್ಚಿದಳು. ಅನ್ನ ಬೇಯುವ ತನಕ ವೇಳೆಯಿತ್ತು. “ಅಪ್ಪಾ, ಸಂಜೀದು ನೋಡಿಲ್ಲ” ಎಂದರೆ ಸಾಕಿತ್ತು. ಶಾವಿಗೆಗೆ ಹೋದದ್ದಕ್ಕೆ ಬೈಸಿಕೊಳ್ಳಬೇಕಾದೀತು ಎಂಬುದೊಂದೇ ನನ್ನ ಹೆದರಿಕೆ. ಕುಳಿತು ಒಲೆ ಊದಿದೆ.

ಎರಡು ದಿನ ಉಂಡ. ಮೂರನೆಯ ದಿನ ಹೊಟ್ಟೆ ಹಿಡಿದುಕೊಂಡು ಚೀರಿದ. ಹೊಟ್ಟೆ ಹಲಗೆಯಂತೆ ಬಿಗಿಯಿತು. ಡಾಕ್ಟರರ ಟಾಂಗಾ ಬಾಗಿಲಿಗೆ ಬರುವಷ್ಟರಲ್ಲಿ ಮಾತು ನಿಂತಿತ್ತು. ಸಂಜೆಗೆ ಹೋದ.

ಡಾಕ್ಟರರು ಬಾಗಿಲ ಬೆಳಕಿಗೆ ಕಾಗದ ಹಿಡಿದು ನಿಂತರು. “ನಿಮ್ಮ ಮಾತ ಕೇಳೇ ಉಣಸಿದ್ವಿರಿ” ಎಂದರು ತಂದೆ. ಅವರು ಕಾಗದ ಮಡಿಚಿಟ್ಟರು. ಅಂಗಳದಲ್ಲಿ ಕೈ ತೊಳೆಯಲು ನಾನು ನೀರು ಹಾಕುವಾಗ ಮೆಲ್ಲಗೆ ಕೇಳಿದರು:

“ಎರಡೂ ಹೊತ್ತು ಥರ್ಮಾಮೀಟರ್ ಹಚ್ಚೇ ನೋಡಿದ್ದಿ, ಹೌದಿಲ್ಲವ್ವಾ?”

“ಹೌದ್ರಿ” ಎಂದೆ.

“ಹಂಗಾರ ನಾನೇ ಅವಸರ ಮಾಡಿದೆ” ಎಂದು ಟಾಂಗಾ ಹತ್ತಿದರು.

ತಂದೆ ತಾವು ಬದುಕಿರುವ ತನಕ ಬಂದವರೆದುರೆಲ್ಲ ಹೇಳಿದರು, ಆ ಡಾಕ್ಟರ ನನ್ನ ಮಗನನ್ನು ಕೊಂದ ಎಂದು. ಬಂದವರಿಗೆ ನಾನು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ.