ಸೋಮವಾರದ ಗಾಡಿ

ಗಾಡಿ ಕೊಳ್ಳಬೇಕೆಂದು ಹುಣಸೂರಿನ ಬೀದಿ ಬೀದಿ ಅಲೆದ ಆ ಮೂರು ತಿಂಗಳನ್ನು ನೆನೆಸಿಕೊಂಡರೆ ಈಗಲೂ ನನ್ನ ಮೊಣಕಾಲು ಹಿಡಿದುಕೊಳ್ಳುತ್ತದೆ. ಅಷ್ಟು ಅಲೆದು, ಅಷ್ಟು ಜನರನ್ನು ಕೇಳಿ, ಕೊನೆಗೆ ಮಾಡಿದ್ದು ಎಂಥ ಬುದ್ಧಿವಂತಿಕೆಯ ಕೆಲಸ ಎಂಬುದನ್ನು ಬರೆಯಲು ಕೂತಿದ್ದೇನೆ. ಓದಿದವರು ನಕ್ಕರೆ ನನಗೆ ಬೇಸರವಿಲ್ಲ. ನನಗೇ ನಗುವಷ್ಟು ಶಕ್ತಿ ಉಳಿದಿಲ್ಲ, ಅಷ್ಟೆ.

ಆಗ ಮಹಾರಾಜರ ಆಳ್ವಿಕೆ, ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮೂರಿನ ಒಂದು ಕಾಫಿ ಕಾರ್ಖಾನೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಕೊಡಗಿನಿಂದ ಬರುವ ಮೂಟೆಗಳ ಗುರುತು ಬರೆದುಕೊಳ್ಳುವುದು ನನ್ನ ಕೆಲಸ. ಬರೆದು ಬರೆದು ಸಾಕಾಗಿ, ಆ ಕೆಲಸ ಬಿಟ್ಟು ಸ್ವಂತ ವ್ಯಾಪಾರಕ್ಕೆ ಇಳಿದೆ. ಕಾಫಿ ಬೀಜವನ್ನು ಸಂತೆಯಲ್ಲೇ ಹುರಿದು, ಅಲ್ಲೇ ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರುವ ವ್ಯಾಪಾರ. ಮನೆಯಲ್ಲೇ ಪುಡಿ ಮಾಡಿಕೊಂಡು ಹೋದರೆ ಹಳ್ಳಿಯವರು ತಿರುಗಿಯೂ ನೋಡುತ್ತಿರಲಿಲ್ಲ. ಕೆಂಡದ ಮೇಲೆ ಹುರಿಯುವ ಡಬ್ಬ ತಿರುಗತೊಡಗಿದರೆ ಮಾತ್ರ, ರಾಗಿ ಕೊಳ್ಳಲು ಬಂದವರೂ ವಾಸನೆ ಹಿಡಿದು ಬರುತ್ತಿದ್ದರು. ಹಾಗಾಗಿ ಕಬ್ಬಿಣದ ಡಬ್ಬ, ಒಲೆ, ಇದ್ದಿಲು, ಪುಡಿ ಮಾಡುವ ಯಂತ್ರ, ಬೀಜದ ಮೂಟೆ ಇಷ್ಟನ್ನೂ ಪಿರಿಯಾಪಟ್ಟಣಕ್ಕೆ, ಹಾರನಹಳ್ಳಿಗೆ, ಎಡತೊರೆಗೆ, ಕೋಟೆಗೆ ಹೊತ್ತುಕೊಂಡು ಹೋಗಬೇಕಿತ್ತು. ಬಾಡಿಗೆ ಗಾಡಿಯವರು ಒಂದು ದಿನ ಬಂದರೆ ಒಂದು ದಿನ ಕೈಕೊಡುತ್ತಿದ್ದರು. ಸ್ವಂತ ಗಾಡಿ ಇಲ್ಲದೆ ಆಗದು ಎಂಬುದು ಬೇಗ ಗೊತ್ತಾಯಿತು.

ನನ್ನ ಹೆಂಡತಿ ಬೆಳಗಿನಿಂದ ಸಂಜೆಯವರೆಗೆ ಬೀಜದಲ್ಲಿ ಕಲ್ಲು ಆರಿಸುತ್ತಿದ್ದಳು. ಅದು ಮುಗಿದರೆ ಅಂಟು ಕಲಸಿ ಕಾಗದದ ಪೊಟ್ಟಣ ಮಾಡುತ್ತಿದ್ದಳು. ಹೀಗೆ ಬೇಕು, ಹಾಗೆ ಬೇಕು ಎಂದು ಕೇಳಿದವಳಲ್ಲ. ಗಾಡಿಯ ಮಾತು ಬಂದ ದಿನ ಮಾತ್ರ, ಮೊರ ಕೆಳಗಿಟ್ಟು ಹೇಳಿದಳು.

"ತಗೊಳಾದೇ ಆದ್ರೆ ನಾನೂ ಕೂರೋ ಅಂಗಿರ್ಲಿ ಕಣ್ರೀ. ಒಂದಿನ ಏನೂ ಕೆಲ್ಸ ಇಲ್ದೆ ಎಲ್ಲಿಗಾರಾ ಓಗಿ ಬರಾನ."

"ಎಲ್ಲಿಗೆ?" ಎಂದೆ.

"ಕಟ್ಟೆಮಳಲವಾಡಿ ಕಟ್ಟೆ ತಾವ. ನೀರ್ ಬೀಳಾದ್ ನೋಡ್ಕಂಡು, ಬುತ್ತಿ ಉಂಡು ಬರಾನ. ಅಷ್ಟೇಯ."

ಮದುವೆಯಾಗಿ ಎಂಟು ವರ್ಷವಾಗಿತ್ತು. ಅವಳು ಊರು ಬಿಟ್ಟು ಹೋಗಿದ್ದೆಲ್ಲ ಯಾರದೋ ಮದುವೆಗೆ, ಯಾರದೋ ಬಾಣಂತನಕ್ಕೆ, ಇಲ್ಲವೆ ಯಾರಾದರೂ ಸತ್ತರೆ. ಹೋದ ಕಡೆಯೆಲ್ಲ ಮೊದಲು ತೋರಿಸುತ್ತಿದ್ದದ್ದು ಅಡುಗೆಮನೆ. ಹೊಳೆಗೆ ಅಡ್ಡವಾಗಿ ಕಟ್ಟಿದ ಆ ಕಟ್ಟೆ ನಮ್ಮೂರಿಗೆ ಎರಡು ಹರದಾರಿ, ನಡೆದೇ ಹೋಗಬಹುದಾದ ದೂರ. ಆದರೆ ವ್ಯಾಪಾರಸ್ಥರ ಮನೆಯ ಹೆಂಗಸು ಬರೀ ನೀರು ನೋಡಲು ನಡೆದುಕೊಂಡು ಹೊರಟರೆ ದಾರಿಯುದ್ದಕ್ಕೂ ಯಾರಿಗೆ ಏನಾಯಿತು ಎಂದು ಕೇಳುತ್ತಿದ್ದರು. ಆಗಲಿ ಎಂದು ಮಾತು ಕೊಟ್ಟೆ. ಸಂತೆಗೂ ಆಗಬೇಕು, ಅವಳಿಗೂ ಆಗಬೇಕು, ಅಂಥ ಗಾಡಿ ಹುಡುಕಲು ಹೊರಟೆ.

ಮೊದಲು ನೋಡಿದ್ದು ಸೈಕಲ್ಲು. ಹಳೆಯದು, ಹಿಂದೆ ಅಗಲವಾದ ಕ್ಯಾರಿಯರ್ ಇತ್ತು. ಹೆಂಡತಿಯನ್ನು ಕೂರಿಸಿಕೊಂಡು ನಮ್ಮ ಬೀದಿಯಲ್ಲೇ ಪರೀಕ್ಷೆ ಮಾಡಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಬಾಗಿಲು ಬಾಗಿಲಿಗೂ ಜನ ನಿಂತರು. ಅವಳು ಇಳಿದುಬಿಟ್ಟಳು. "ಇದ್ರಲ್ಲಿ ಕೂತ್ರೆ ಊರೆಲ್ಲಾ ನನ್ನೇ ನೋಡ್ತದೆ. ನಾನೇನ ನೋಡ್ಲಿ?" ಎಂದಳು. ಮಾತು ಸರಿಯಾಗಿತ್ತು. ಮೂಟೆಯನ್ನೂ ಒಲೆಯನ್ನೂ ಅದರ ಮೇಲೆ ಹೇರುವುದಂತೂ ಆಗದ ಮಾತು.

ಆಮೇಲೆ ಒಂದು ಮೋಟಾರು. ಕೊಡಗಿನ ತೋಟದವರೊಬ್ಬರು ಮಾರುತ್ತಾರೆಂದು ತಿಳಿದು ನೋಡಲು ಹೋದೆ. ನಾನು ನೋಡಿದ ಅರ್ಧ ದಿನದಲ್ಲಿ ಅದು ಹೊರಟದ್ದು ಒಂದೇ ಸಲ, ಅದೂ ಇಳಿಜಾರಿನಲ್ಲಿ. ಕಬ್ಬಿಣದ ಕೋಲು ಹಾಕಿ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು. ಕಾಫಿ ಹುರಿಯುವ ಡಬ್ಬ ತಿರುಗಿಸುವುದಕ್ಕಾದರೂ ಸ್ವಲ್ಪ ಕೈ ಉಳಿಯಲಿ ಎಂದು ವಾಪಸು ಬಂದೆ.

ಊರ ಕೊನೆಯಲ್ಲಿ ಗಾಡಿ ಕಟ್ಟುವ ಸಾಹೇಬರೊಬ್ಬರಿದ್ದರು. ವಯಸ್ಸಾದವರು, ಚಕ್ರ ತಿದ್ದುವುದರಲ್ಲಿ ಸುತ್ತಮುತ್ತ ಅವರ ಸಮ ಇರಲಿಲ್ಲ. ಅವರ ಮನೆಯಂಗಳದಲ್ಲಿ ಅವರದೇ ಒಂದು ಜಟಕಾ, ಒಂದು ಕಂದು ಕುದುರೆ. ಅದನ್ನೇ ಕೊಳ್ಳಿ ಎಂದರು. ಹಗುರ, ಸಾಮಾನು ಹಿಡಿಯುತ್ತದೆ, ಬೇಗ ಹೋಗುತ್ತದೆ. ನನಗೂ ಮನಸ್ಸಾಗಿತ್ತು. ಆದರೆ ನಮ್ಮ ಕಡೆ ಪ್ರಾಣಿ ಕೊಳ್ಳುವಾಗ ಮೊದಲು ನೋಡುವುದು ಸುಳಿ. ಆ ಕುದುರೆಗೆ ಕಣ್ಣಿನ ಕೆಳಗೆ ಕೂದಲು ಸುತ್ತಿಕೊಂಡು ಒಂದು ಸುಳಿ ಇತ್ತು. ಅದಕ್ಕೆ ಕಣ್ಣೀರು ಸುಳಿ ಎನ್ನುತ್ತಾರೆ, ಅಂಥ ಕುದುರೆ ಬಂದ ಮನೆಯ ಹೆಂಗಸು ಅಳುತ್ತಾಳೆ ಎಂದು ನನ್ನ ತಾಯಿ ಹೇಳಿದರು. ಹೆಂಡತಿಗಾಗಿ ಕೊಳ್ಳುವ ಗಾಡಿಗೆ ಅವಳನ್ನು ಅಳಿಸುವ ಕುದುರೆ ಯಾಕೆ ಎಂದು ನಾನೂ ಹಿಂಜರಿದೆ.

ಉಳಿದದ್ದು ಎತ್ತಿನ ಕಮಾನು ಗಾಡಿ. ನಾಲ್ಕು ದಿನ ಯೋಚಿಸಿ ಅದನ್ನೇ ಗಟ್ಟಿ ಮಾಡಿದೆ. ಸಾಹೇಬರಿಗೆ ನನ್ನ ಏರ್ಪಾಡು ವಿವರಿಸಿದೆ. ಮಂಗಳವಾರ ಹೊರಟರೆ ಒಂದಾದ ಮೇಲೊಂದು ಸಂತೆ ಮುಗಿಸಿ ಭಾನುವಾರ ಸಂಜೆ ಮನೆಗೆ. ಅಲ್ಲಿಯವರೆಗೆ ಕಮಾನಿನ ಕೆಳಗೆ ಮೂಟೆ, ಒಲೆ. ಸೋಮವಾರ ಬಿಡುವು, ಆಗ ಮೂಟೆ ಇಳಿಸಿ, ಮೆತ್ತೆ ಹಾಸಿ, ಹೆಂಡತಿಯನ್ನು ಕೂರಿಸಿಕೊಂಡು ಕಟ್ಟೆಗೆ.

ಸಾಹೇಬರು ಉಳಿ ಕೆಳಗಿಟ್ಟರು. "ಸೋಮವಾರನಾ? ಎತ್ತಿನ ಗಾಡೀಲಾ?" ಎಂದರು.

"ಹೌದು, ಅದೊಂದೇ ದಿನ ಬಿಡುವು."

ಅವರು ಕೈಗಂಟಿದ ಮರದ ಹೊಟ್ಟನ್ನು ಒರೆಸಿಕೊಂಡರು. ಏನೋ ಹೇಳಲು ಬಾಯಿ ತೆರೆದು, "ಆಯ್ತು ಸಾಮಿ, ನಿಮ್ಮಿಷ್ಟ" ಎಂದರು. ತಮ್ಮ ಜಟಕಾ ಮಾರಲಾಗಲಿಲ್ಲವೆಂದು ಬೇಸರ ಇರಬೇಕು ಎಂದುಕೊಂಡೆ.

ಗಾಡಿ ಚೆನ್ನಾಗಿ ಕಟ್ಟಿಕೊಟ್ಟರು. ಸುಳಿ ಶುದ್ಧವಾಗಿದ್ದ ಬಿಳಿಯ ಹಳ್ಳಿಕಾರ್ ಜೋಡಿ ತಂದೆ. ಹೆಂಡತಿ ತನ್ನ ಹಳೆಯ ಸೀರೆ ಮಡಿಸಿ ಮೆತ್ತೆ ಹೊಲಿದಳು. ಮೊದಲ ವಾರದ ಸಂತೆಗಳು ಮುಗಿದು ಸೋಮವಾರ ಬಂತು. ಅವಳು ಬೇಗನೆ ಎದ್ದು ಬುತ್ತಿ ಕಟ್ಟಿದ್ದಳು, ಚಟ್ನಿ ಅರೆದಿದ್ದಳು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ನಾನು ನೊಗ ಎತ್ತಲು ಹಿತ್ತಲಿಗೆ ಹೋದೆ. ಅಲ್ಲಿ ನನ್ನ ತಾಯಿ ಎರಡು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೆಲ್ಲ ತಿನ್ನಿಸುತ್ತಿದ್ದರು.

"ಏನ್ಲಾ ನೊಗ ಮುಟ್ಟೀಯೆ? ಸೋಮಾರ ಬಸವಣ್ಣನ ದಿನ ಕಣ್ಲಾ. ಇವತ್ತು ಯಾರಾರಾ ಎತ್ತು ಕಟ್ತಾರಾ?"

ನಾನು ನೊಗದಿಂದ ಕೈ ತೆಗೆದೆ.

ಈ ದಡ್ಡತನಕ್ಕೆ ಕಾರಣ ಹೇಳಿಬಿಡುತ್ತೇನೆ. ನಾವು ಅಂಗಡಿಯವರು, ನಮ್ಮ ಮನೆಯಲ್ಲಾಗಲಿ ಹೆಂಡತಿಯ ತವರಿನಲ್ಲಾಗಲಿ ಎಂದೂ ಎತ್ತು ಇರಲಿಲ್ಲ. ಸಾಮಾನು ಬರುತ್ತಿದ್ದದ್ದು ಬಾಡಿಗೆ ಗಾಡಿಯಲ್ಲಿ. ಸೋಮವಾರ ಗಾಡಿಗಳು ಬರುತ್ತಿರಲಿಲ್ಲ. ಆದ್ದರಿಂದ ನಮ್ಮ ತಂದೆ ಆ ದಿನ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ ಮಲಗುತ್ತಿದ್ದರು. ಚಿಕ್ಕಂದಿನಿಂದ ಸೋಮವಾರವೆಂದರೆ ಬಿಡುವು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಬಿಡುವು ಎತ್ತಿನದು, ನಮ್ಮದಲ್ಲ ಎಂದು ಯೋಚಿಸಲೇ ಇಲ್ಲ. ಎತ್ತು ದುಡಿಯದ ಒಂದೇ ಒಂದು ದಿನವನ್ನು ಆರಿಸಿ, ಆ ದಿನಕ್ಕೆಂದೇ ಎತ್ತು ಕೊಂಡುಕೊಂಡೆ.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಕಟ್ಟಿದ ಬುತ್ತಿಯನ್ನು ಬಿಚ್ಚಿ ನಮಗೆಲ್ಲ ಬಡಿಸಿದಳು. ಊಟ ಮಾಡಿ ಮೊರ ಹಿಡಿದು ಕೂತಳು.

ಆಮೇಲೆ ಸೋಮವಾರಗಳು ಬಂದವು, ಹೋದವು. ಒಂದು ಸಂತೆ ಬಿಟ್ಟು ಬೇರೆ ದಿನ ಕರೆದುಕೊಂಡು ಹೋಗಬಹುದಿತ್ತು, ನಿಜ. ಆದರೆ ಹೊಸ ವ್ಯಾಪಾರ. ಒಂದು ವಾರ ತಪ್ಪಿದರೆ ನನ್ನ ಜಾಗದಲ್ಲಿ ಬೇರೆಯವರು ಬಂದು ಕೂರುತ್ತಾರೆ ಎಂಬ ಭಯ. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಮಳೆಗಾಲ ಕಳೆಯಿತು. ಭಾನುವಾರ ಸಂಜೆ ಬಂದು ಬಿದ್ದುಕೊಂಡರೆ ನನಗೂ ಏಳಲಾಗುತ್ತಿರಲಿಲ್ಲ. ಸೋಮವಾರದಂದು ನಮ್ಮ ಮನೆಯಲ್ಲಿ ನಿಜವಾಗಿ ದಣಿವಾರಿಸಿಕೊಳ್ಳುತ್ತಿದ್ದವು ಎರಡೇ ಜೀವ, ಎರಡೂ ಹಿತ್ತಲಿನಲ್ಲಿ ಮೆಲುಕು ಹಾಕುತ್ತಿದ್ದವು. ಅವನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ಸೋಮವಾರ ರೇಗಿಹೋಗಿ, ತಾಯಿ ನೆಂಟರ ಮನೆಗೆ ಹೋಗಿದ್ದಾಗ ಹೇಳಿದೆ. "ಇದೊಂದು ಸಲ ಕಟ್ಟಿಬಿಡ್ತೀನಿ, ಹೊರಡು. ಯಾರಿಗೆ ಗೊತ್ತಾಗುತ್ತೆ?"

"ಬ್ಯಾಡ ಬುಡಿ," ಎಂದಳು. "ಆರು ದಿನ ಎಳೀತವೆ. ಒಂದ್ ದಿನನಾರಾ ಕೂತ್ಕಳ್ಳಿ ಪಾಪ."

ಆ ಮಾತು ಹೇಳುವಾಗಲೂ ಅವಳ ಕೈ ಕಲ್ಲು ಆರಿಸುತ್ತಲೇ ಇತ್ತು.

ಮಾರನೆಯ ವಾರ ಚಕ್ರಕ್ಕೆ ಕೀಲೆಣ್ಣೆ ಹಾಕಿಸಲು ಸಾಹೇಬರಲ್ಲಿಗೆ ಹೋದಾಗ ಎಲ್ಲ ಹೇಳಿಕೊಂಡೆ. ಅವರು ತಲೆಯಾಡಿಸಿದರು. "ಅವತ್ತೇ ಏಳ್ಬೇಕು ಅಂತಿದ್ದೆ ಸಾಮಿ. ನಿಮ್ಮ ದ್ಯಾವ್ರ ಇಚಾರ, ನಿಮ್ಗೇ ನಾನ್ ಏಳಾದಾ ಅಂತ ಸುಮ್ಕಾದೆ. ನಂ ಜಟಕಾ ತಗೊಂಡೋಗಿ, ಬಾಡ್ಗೆ ಗೀಡ್ಗೆ ಬ್ಯಾಡ. ಕುದ್ರೆಗೆ ರಜಾ ಶುಕ್ರವಾರ."

ಕಣ್ಣೀರು ಸುಳಿಯ ಮಾತೆತ್ತಿದರೆ ತಾಯಿ, "ಒಂದಿನದ ಮಟ್ಟಿಗೆ ಏನೂ ಆಗಾಕಿಲ್ಲ" ಎಂದರು. ಅವರಿಗೂ ಸೊಸೆಯ ಮುಖ ನೋಡಿ ಸಾಕಾಗಿತ್ತೆಂದು ಕಾಣುತ್ತದೆ.

ಹೀಗೆ ಕೊನೆಗೂ ಒಂದು ಸೋಮವಾರ ಹೊರಟೆವು. ಅವಳು ಮತ್ತೆ ಬುತ್ತಿ ಕಟ್ಟಿದಳು, ಮತ್ತೆ ಆ ಸೀರೆ ಉಟ್ಟಳು. ಜಟಕಾ ಹಗುರವಾಗಿ ಹೋಗುತ್ತಿತ್ತು. ಅವಳು ಹಿಂದೆ ಕೂತು ದಾರಿಯ ಮರಗಳನ್ನು, ತೂಬಿನ ನೀರನ್ನು, ಹೊಲದ ಜನರನ್ನು ನೋಡುತ್ತಿದ್ದಳು. ಒಂದೆರಡು ಸಲ ನನ್ನನ್ನು ಕರೆದು ಏನನ್ನೋ ತೋರಿಸಿದಳು. ಅವಳ ದನಿಯಲ್ಲಿ ಅಷ್ಟು ಉಲ್ಲಾಸವನ್ನು ನಾನು ಕೇಳಿಯೇ ಇರಲಿಲ್ಲ.

ಈಗ ನಾನು ಮಾಡಿದ ಕೆಲಸ ಹೇಳಬೇಕು. ಹೇಗೂ ಹೋಗುತ್ತಿದ್ದೇವೆ, ಕಟ್ಟೆಯ ಹತ್ತಿರ ಜನ ಇದ್ದೇ ಇರುತ್ತಾರೆ, ಬರೀ ಕೈಯಲ್ಲಿ ಯಾಕೆ ಹೋಗಬೇಕು ಎಂದು ಹಿಂದಿನ ಸಂಜೆ ಜಟಕಾ ಮನೆಗೆ ತಂದಾಗಲೇ ಹುರಿಯುವ ಡಬ್ಬ, ಸಣ್ಣ ಒಲೆ, ಇದ್ದಿಲು, ಪುಡಿ ಮಾಡುವ ಯಂತ್ರ, ಪೊಟ್ಟಣ, ಒಂದಿಷ್ಟು ಬೀಜ ಎಲ್ಲವನ್ನೂ ಸೀಟಿನ ಕೆಳಗೆ ಗೋಣಿ ಮುಚ್ಚಿ ಇಟ್ಟಿದ್ದೆ. ಅವಳಿಗೆ ಹೇಳಿರಲಿಲ್ಲ. ಅವಳು ನೀರು ನೋಡುತ್ತಾ ಕೂತಿರುವಾಗ ನಾನು ಆ ಕಡೆ ಹೋಗಿ ಮಾರಿಕೊಂಡು ಬಂದರೆ ಅವಳಿಗೇನು ನಷ್ಟ ಎಂದು ನನ್ನ ಎಣಿಕೆ.

ಕಟ್ಟೆ ತಲುಪಿದೆವು. ಕಲ್ಲಿನ ಮೇಲಿಂದ ನೀರು ತುಂಬಾ ಬೀಳುತ್ತಿತ್ತು. ಬುತ್ತಿಯ ಗಂಟು ತೆಗೆಯಲು ಅವಳು ಸೀಟಿನ ಕೆಳಗೆ ಕೈ ಹಾಕಿದಳು. ಕೈಗೆ ಡಬ್ಬದ ಹಿಡಿ ಸಿಕ್ಕಿತು. ಗೋಣಿ ಸರಿಸಿ ನೋಡಿದಳು. ನನ್ನ ಕಡೆ ನೋಡಲಿಲ್ಲ. ಒಲೆಯನ್ನು ಇಳಿಸಿದಳು, ಇದ್ದಿಲು ತುಂಬಿ ಕೆಂಡ ಮಾಡಿದಳು, ಡಬ್ಬಕ್ಕೆ ಬೀಜ ಹಾಕಿದಳು. ಗಾಳಿ ನೀರಿನ ಕಡೆಯಿಂದ ಬೀಸುತ್ತಿದ್ದರಿಂದ ಹೊಗೆ ತಾಗದಂತೆ ಆ ಕಡೆಗೆ ಬೆನ್ನು ಮಾಡಿ ಕೂತು, ಡಬ್ಬ ತಿರುಗಿಸತೊಡಗಿದಳು.

"ಬಿಡು, ನಾನು ಮಾಡ್ತೀನಿ, ನೀನು ನೀರು ನೋಡು," ಎಂದೆ.

"ಜನ ಬತ್ತಾವ್ರೆ, ಪೊಟ್ಟಣ ತಗೀರಿ," ಎಂದಳು.

ನಿಜವಾಗಿಯೂ ಜನ ಬರುತ್ತಿದ್ದರು. ಬಟ್ಟೆ ಒಗೆಯುತ್ತಿದ್ದವರು, ದನ ತೊಳೆಯುತ್ತಿದ್ದವರು ವಾಸನೆ ಹಿಡಿದು ಬಂದು ಸುತ್ತ ನಿಂತರು. ತಂದಿದ್ದೆಲ್ಲ ಮಧ್ಯಾಹ್ನದೊಳಗೆ ಖರ್ಚಾಯಿತು. ಅವಳು ಕೈ ತೊಳೆಯಲು ಕಟ್ಟೆಗೆ ಇಳಿದಳು, ತೊಳೆದು ಮೇಲೆ ಬಂದಳು. ಇಬ್ಬರೂ ಜಟಕಾದ ನೆರಳಿನಲ್ಲಿ ಕೂತು ಬುತ್ತಿ ಉಂಡೆವು. ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಿದರೆ ಅವಳು ಅಲ್ಲೇ ಅತ್ತುಬಿಡುತ್ತಾಳೇನೋ ಎಂದು ಹೆದರಿ ಸುಮ್ಮನಾದೆ. ಈಗ ಅನ್ನಿಸುತ್ತದೆ, ಅಳಲಿ ಎಂದು ಬಿಡಬೇಕಾಗಿತ್ತು.

ವಾಪಸು ಬರುವಾಗ ಅವಳು ದಾರಿಯುದ್ದಕ್ಕೂ ಏನನ್ನೂ ತೋರಿಸಲಿಲ್ಲ. ಹುಣಸೂರಿನ ಮನೆಗಳು ಕಂಡಾಗ ಹಿಂದಿನಿಂದ ಮಾತಾಡಿದಳು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಕುದ್ರೆ ಚೆನ್ನಾಗೈತೆ ಕಣ್ರೀ. ಇದ್ನೂ ತಗೊಂಬುಡಿ. ಸೋಮಾರನೂ ಯಾಪಾರ ಆಯ್ತದೆ."

ನಾನು ಆ ಕುದುರೆಯನ್ನು ಕೊಳ್ಳಲಿಲ್ಲ. ಅವಳೂ ಎಲ್ಲಿಗಾದರೂ ಹೋಗಿ ಬರೋಣ ಎಂದು ಮತ್ತೆ ಕೇಳಲಿಲ್ಲ.