ಶೆಟಗೆವ್ವನ ದೀಪ

ಮಸಗುಪ್ಪಿಯ ಸೂಲಗಿತ್ತಿ ಲಗಮವ್ವನನ್ನು ಹೆರಿಗೆಗೆ ಕರೆಯುವವರು ಈಗ ಯಾರೂ ಇಲ್ಲ. ಬೇನೆ ಶುರುವಾದರೆ ಗಾಡಿ ಗೋಕಾಕದ ಆಸ್ಪತ್ರೆಗೆ ಓಡುತ್ತದೆ. ಅದು ಒಳ್ಳೆಯದೇ ಎಂದು ಅವಳೂ ಒಪ್ಪುತ್ತಾಳೆ. ಆದರೆ ಐದನೆಯ ದಿನ ಮಾತ್ರ ಊರಿಗೆ ಅವಳೇ ಬೇಕು. ಕೂಸಿನ ಹಣೆಬರಹ ಬರೆಯುವ ಶೆಟಗೆವ್ವನನ್ನು ಪೂಜಿಸಿದ ಮೇಲೆ, ಪೂಜೆಯ ದೀಪವನ್ನು ಬುಟ್ಟಿಯಲ್ಲಿಟ್ಟು, ಮೊರ ಮುಚ್ಚಿ, ಸೂಲಗಿತ್ತಿ ತನ್ನ ಮನೆಗೆ ಒಯ್ಯಬೇಕು. ಬೇರೆಯವರು ಅದನ್ನು ನೋಡಿದರೆ ಕೇಡು.

ಕಸ್ತೂರಿ ಹೆತ್ತ ಐದನೆಯ ದಿನದ ಸಂಜೆ, ಪೂಜೆ ಮುಗಿದ ಮೇಲೆ, ಲಗಮವ್ವ ಕೂಸಿಗೆ ಎಣ್ಣೆ ತಿಕ್ಕಿ, ನೀರೆರೆದು, ತಾಯಿಯ ಮಗ್ಗುಲಲ್ಲಿ ಮಲಗಿಸಿದಳು. ಕಸ್ತೂರಿ ಹುಟ್ಟಿದಾಗ ಮೊದಲು ಎತ್ತಿಕೊಂಡದ್ದೂ ಅವಳೇ.

"ಕುಂಡ್ರ ಆಯಿ, ಚಾ ಕುಡದ ಹೋಗಂತಿ" ಎಂದ ಕಸ್ತೂರಿ, ಲಗಮವ್ವ ಬುಟ್ಟಿ ಎತ್ತಿದೊಡನೆ ಗೋಡೆಗೆ ಮುಖ ತಿರುಗಿಸಿದಳು.

ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒಳಗಿದ್ದವರಲ್ಲಿ ಹೆಚ್ಚಿನವರು ಅವಳ ಕೈಯಲ್ಲೇ ಹುಟ್ಟಿದವರು.

"ಹಾಕ್ಕೋರಿ, ಚಿಲಕಾನೂ ಹಾಕ್ಕೋರಿ!" ಎಂದು ಗದರುತ್ತ ನಡೆದಳು.

ಮನೆಯಲ್ಲಿ ಮೊರ ಸರಿಸಿದಾಗ ದೀಪ ಇನ್ನೂ ಉರಿಯುತ್ತಿತ್ತು. ಅದರೆದುರು ಕುಕ್ಕರಗಾಲಲ್ಲಿ ಕುಳಿತು, "ಯವ್ವಾ, ನಿನ್ನ ಮಾರಿ ನೋಡಾಕ ನಾನರೆ ಅದೇನಿ" ಎಂದಳು.

ಎಣ್ಣೆ ತೀರಿ ದೀಪ ತಾನಾಗಿ ಆರಲು ಬಿಡುವುದು ರೂಢಿ. ಲಗಮವ್ವ ದೀಪಕ್ಕೆ ಇನ್ನಷ್ಟು ಎಣ್ಣೆ ಸುರಿದಳು.