ಕೀಲಿ ಅಂದ್ರ ಬೀಗ

ಬೆಳಗಿನ ಮೊದಲ ಮೆಟ್ರೊ ತಾರ್ನಾಕ ಬಿಡುವಾಗ ಸುವರ್ಣಾ ಅವರಿಗೆ ಕೂರಲು ಜಾಗ ಸಿಗುತ್ತದೆ. ಕುಷಾಯಿಗೂಡದ ಮನೆಯಿಂದ ಇಲ್ಲಿಯವರೆಗೆ ಬಸ್ಸು, ಇಲ್ಲಿಂದ ಅಮೀರ್‌ಪೇಟ್‌ಗೆ ರೈಲು. ಎದುರಿನ ಸಾಲಿನ ಹುಡುಗಿಯರು ಅರ್ಧಕ್ಕೆ ಬಿಟ್ಟುಬಂದ ನಿದ್ದೆ ಮುಂದುವರಿಸುತ್ತಾರೆ. ಇವರು ಮೊಬೈಲು ತೆಗೆದು ಬೈಗುಳ ಓದಲು ಶುರುಮಾಡುತ್ತಾರೆ.

“ಇಲ್ನೋಡ್ರಿ,” ಅಂತ, ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕೂತಿರುವ ನನ್ನ ಮುಂದೆ ಹಿಡಿಯುತ್ತಾರೆ. “ಮನುಷ್ಯರಾದವ್ರು ಇಲ್ಲಿ ಕೆಲಸಕ್ಕ ಸೇರಬ್ಯಾಡ್ರಿ ಅಂತ ಬರದಾರ. ಒಂದ ಸ್ಟಾರ್ ಕೊಟ್ಟಾರ. ಅದನ್ನೂ ಕೊಡದ ಬಿಡಾಕ ಬರಂಗಿಲ್ಲ ಅಂತ ಕೊಟ್ಟಿರ್ತಾರ.”

ಸುವರ್ಣಾ ಕೆಲಸ ಮಾಡುವುದು ಅಮೀರ್‌ಪೇಟ್‌ನ ಒಂದು ಸಾಫ್ಟ್‌ವೇರ್ ತರಬೇತಿ ಸಂಸ್ಥೆಯಲ್ಲಿ. ಅಲ್ಲಿ ಪಾಠ ಹೇಳಿ ರೋಸಿಹೋದವರು, ಕೆಲಸ ಬಿಟ್ಟವರು ಉದ್ಯೋಗದ ಜಾಲತಾಣಗಳಲ್ಲಿ ತಮ್ಮ ಅನುಭವ ಬರೆದು ಹಾಕುತ್ತಾರೆ. ಅದರ ಕೆಳಗೆ ಸಂಸ್ಥೆಯ ಪರವಾಗಿ ಉತ್ತರ ಬರೆಯುವವರು ಇವರೇ. ಸಹಿ ಮಾತ್ರ ‘ಟೀಮ್ ಎಚ್.ಆರ್.’ ಎಂದು. “ಟೀಮ್ ಅಂದ್ರ ನಾ ಒಬ್ಬಾಕೀನ ರೀ,” ಅನ್ನುತ್ತಾರೆ.

ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ನಿಮ್ಮ ಮುಂದಿನ ಹಾದಿ ಸುಗಮವಾಗಲಿ. ಎಲ್ಲ ದೂರುಗಳಿಗೂ ಮೇಲಿನವರು ಕೊಟ್ಟಿರುವ ಉತ್ತರ ಇದೊಂದೇ. ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಜ್ವರದಲ್ಲಿ ರಜೆ ಕೇಳಿ ಬೈಸಿಕೊಂಡವರಿಗೆ, ವಿದ್ಯಾರ್ಥಿಗಳೆದುರು ಮರ್ಯಾದೆ ಕಳೆದುಕೊಂಡವರಿಗೆ ಇದು ಉತ್ತರವೇ? ಗಾಯಕ್ಕೆ ಮುಲಾಮು ಹಚ್ಚದಿದ್ದರೆ ಹೋಗಲಿ, ಅದರ ಮೇಲೆ ಸೆಂಟು ಹೊಡೆಯಬಾರದು. ಹೊಡೆಯುವ ಕೈ ಸುವರ್ಣಾ ಅವರದ್ದೆಂದು ಓದುವವರಿಗೆ ಗೊತ್ತಿಲ್ಲ. ಅವರು ಶಾಪ ಹಾಕುವುದು ‘ಟೀಮ್’ಗೆ, ಅದು ಬಂದು ತಟ್ಟುವುದು ಈಕೆಗೆ.

ತಂದೆ ಅಮರೇಶಪ್ಪ ರಾಯಚೂರು ಕಡೆಯಿಂದ ಬಂದು ಕುಷಾಯಿಗೂಡದ ಕಾರ್ಖಾನೆಗೆ ಸೇರಿದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಫೀಸಿನಲ್ಲಿ ಇಂಗ್ಲಿಷು. ಸುವರ್ಣಾ ಸೇರಿದ್ದು ಸಂಸ್ಥೆಯ ಸ್ವಾಗತದ ಮೇಜಿಗೆ. ದನಿ ಏರಿಸದೆ ಮಾತಾಡುತ್ತಾರೆಂಬ ಕಾರಣಕ್ಕೆ ಈ ಕೆಲಸವನ್ನೂ ತಲೆಗೆ ಕಟ್ಟಿದರು. “ನಿಮಗ ಜಗಳಾ ಮಾಡಾಕ ಬರಂಗಿಲ್ಲ, ನೀವ ಬರೀರಿ ಅಂದ್ರು. ಜಗಳಾ ಮಾಡಾಕ ಬರತೈತ್ರಿ ನನಗ. ಮಾಡಿದ್ದಿಲ್ಲ, ಅಷ್ಟ.”

ಮಾಡುವ ಗಳಿಗೆ ಬಂದದ್ದು ಹೆಂಗಸರ ಶೌಚಾಲಯದಿಂದ. ಇಡೀ ಮಹಡಿಗೆ ಇದ್ದ ಆ ಒಂದು ಶೌಚಾಲಯಕ್ಕೆ ಸಂಸ್ಥೆ ಬೀಗ ಹಾಕಿಸಿತ್ತು. ಯಾಕೆ ಗೊತ್ತೇ? ಮಕ್ಕಳನ್ನು ಸೇರಿಸಲು ಬರುವ ಪಾಲಕರಿಗೆ ತೋರಿಸುವಾಗ ಅದು ಫಳಫಳ ಹೊಳೆಯಬೇಕಂತೆ. ಪಾಠ ಹೇಳುವ ಹೆಂಗಸರು ವಾಚ್‌ಮನ್ ಹತ್ತಿರ ಕೀಲಿಕೈ ಬೇಡಬೇಕು, ಆತ ಇಲ್ಲದಿದ್ದರೆ ಪಕ್ಕದ ಹೋಟೆಲಿಗೆ ಓಡಬೇಕು. ಈ ಬಗ್ಗೆ ಜಾಲತಾಣದಲ್ಲಿ ಒಂದು ದೂರು ಬಂದಾಗ ಸುವರ್ಣಾ ನೇರ ಮ್ಯಾನೇಜರ್ ಉಪೇಂದ್ರರ ಬಳಿ ಹೋದರು. ಅವರು ಮೈಸೂರಿನವರು, ಕನ್ನಡ ಬಲ್ಲವರು. “ಸರ್, ಆ ಕೀಲಿ ತಗಸಿಬಿಡ್ರಿ,” ಎಂದು ಕೇಳಿಕೊಂಡರು.

ರಾಯಚೂರಿನ ಬಾಯಲ್ಲಿ ಕೀಲಿ ಅಂದರೆ ಬೀಗ. ಉಪೇಂದ್ರರ ಕಿವಿಗೆ ಕೀಲಿ ಅಂದರೆ ಅದನ್ನು ತೆರೆಯುವ ಕೀಲಿಕೈ. ಮಧ್ಯಾಹ್ನದ ಹೊತ್ತಿಗೆ ಅವರು ವಾಚ್‌ಮನ್ ಹತ್ತಿರ ತೂಗುತ್ತಿದ್ದ ಕೀಲಿಕೈ ತೆಗೆಸಿ, ತಮ್ಮ ಕ್ಯಾಬಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. “ನೀವು ಹೇಳಿದ ಹಾಗೇ ತೆಗೆಸಿದೀನಿ ಸುವರ್ಣಾ,” ಎಂದು ಖುಷಿಯಿಂದ ಬೇರೆ ಹೇಳಿದರಂತೆ. ಅಲ್ಲೇ ತಿದ್ದಿ ಹೇಳಲು ಇವರು ಅಂಜಿದರು. ಇದನ್ನು ಹೇಳುತ್ತ ಸುವರ್ಣಾ ನಗುತ್ತಾರೆ. ನನಗೆ ನಗು ಬರಲಿಲ್ಲ.

ಯಾಕೆಂದರೆ ಅಂದಿನಿಂದ ಹೆಂಗಸರು ಪಾಲಕರ ಮುಂದೆಯೇ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ, ಬಾಯಿಬಿಟ್ಟು ಕೇಳಬೇಕಾಯಿತು. ಹಲವರು ಕೇಳಲಿಲ್ಲ. ಮಂಗಳೂರು ಕಡೆಯ ಶಿಕ್ಷಕಿ ನಳಿನಿ ನೀರು ಕುಡಿಯುವುದನ್ನೇ ಬಿಟ್ಟು, ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿ, ಕೊನೆಗೆ ಕೆಲಸವನ್ನೂ ಬಿಟ್ಟರು. “ನನ್ನ ಬಾಯಿಂದ ಬಂದ ಮಾತಿಗೆ ಆ ಹುಡುಗಿ ನರಳಿದ್ಲಲ್ರಿ,” ಅನ್ನುವಾಗ ಸುವರ್ಣಾ ಅವರ ದನಿ ಇಳಿಯುತ್ತದೆ.

ಆಮೇಲೆ ಹೆಸರಿಲ್ಲದ ಇನ್ನೊಂದು ದೂರು ಬಂತು. ದೂರು ಕೊಟ್ಟ ಮೇಲೆ ಕೀಲಿಕೈ ಮ್ಯಾನೇಜರ್ ಡ್ರಾಯರಿಗೆ ಹೋಯಿತು ಎಂದಿತ್ತು ಅದರಲ್ಲಿ. ಬರೆದವರು ಯಾರೆಂದು ಸುವರ್ಣಾ ಇಂದಿಗೂ ವಿಚಾರಿಸಿಲ್ಲ. ಅವರು ಮತ್ತೆ ಕ್ಯಾಬಿನ್ನಿಗೆ ಹೋಗಿ ಬಿಡಿಸಿ ಹೇಳಿದರು. “ಕೀಲಿ ಅಂದ್ರ ಬೀಗ, ಸರ್. ನಾ ಹೇಳಿದ್ದು ಬೀಗ ತಗಸ್ರಿ ಅಂತ.”

“ಈಗ ಅದೆಲ್ಲ ಯಾಕೆ? ಆರೋಪ ಸುಳ್ಳು ಅಂತ ಬರೆದು ಮುಗಿಸಿ,” ಎಂದರು ಉಪೇಂದ್ರ. “ಆಗಲ್ಲ ಅಂದ್ರೆ ಬರೆಯೋರು ಬೇರೆ ಸಿಕ್ತಾರೆ.”

ಮೊದಲ ಸಲದ್ದು ತಪ್ಪು ತಿಳಿವಳಿಕೆ, ಒಪ್ಪೋಣ. ಅರ್ಥ ತಿಳಿದ ಮೇಲೂ ಡ್ರಾಯರು ತೆರೆಯದ ಈ ಮನುಷ್ಯನಿಗೆ ಏನನ್ನಬೇಕು? ಇಂಥವರ ಗೋಡೆಯ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಫಲಕ ಇರುತ್ತದೆ. ಇಲ್ಲೂ ಇದೆ, ಅದೇ ಬೀಗದ ಬಾಗಿಲಿನ ಪಕ್ಕದಲ್ಲಿ.

ಸುವರ್ಣಾ ತಮ್ಮ ಜಾಗಕ್ಕೆ ಬಂದು ಉತ್ತರ ಬರೆದರು: “ನೀವು ಬರೆದದ್ದು ನಿಜ. ಶೌಚಾಲಯಕ್ಕೆ ಬೀಗ ಇದೆ. ಕೀಲಿಕೈ ಮ್ಯಾನೇಜರ್ ಹತ್ತಿರ ಇದೆ. ತಪ್ಪು ನಮ್ಮದು.” ಕೆಳಗೆ ಟೀಮ್ ಎಂದು ಬರೆಯಲಿಲ್ಲ. ಸುವರ್ಣಾ ಎಂದು ಬರೆದರು.

ಮರುದಿನ ಮಗಳನ್ನು ಸೇರಿಸಲು ಬಂದಿದ್ದ ಒಬ್ಬ ತಂದೆ ಮೊಬೈಲಿನಲ್ಲಿ ಅದನ್ನು ಓದಿಕೊಂಡೇ ಬಂದಿದ್ದರು. ಫೀಸಿನ ಮಾತು ಆಮೇಲೆ, ಮೊದಲು ಶೌಚಾಲಯ ತೋರಿಸಿ ಎಂದರು. ಅವರ ಹಿಂದೆ ನಿಂತಿದ್ದವರೂ ದನಿಗೂಡಿಸಿದರು. ಹೆಂಗಸರ ಸಂಕಟಕ್ಕೆ ಬಿಚ್ಚದ ಬೀಗ ಅಡ್ಮಿಷನ್ ಕೈತಪ್ಪುವ ಭಯಕ್ಕೆ ಊಟದ ಹೊತ್ತಿಗೆ ಬಿಚ್ಚಿತು. ಇದಕ್ಕೂ ನನಗೆ ಸಿಟ್ಟೇ ಬರುತ್ತದೆ.

ಸಂಸ್ಥೆ ಅದೇ ದಿನ ಆ ಉತ್ತರವನ್ನು ಅಳಿಸಿಹಾಕಿತು. ನಿಮ್ಮನ್ನು ಯಾಕೆ ಕೆಲಸದಿಂದ ತೆಗೆಯಬಾರದು ಎಂದು ಕೇಳಿ ಸುವರ್ಣಾ ಅವರಿಗೆ ನೋಟಿಸು ಕೊಟ್ಟಿದೆ. ಅದಕ್ಕೆ ಇವತ್ತು ಉತ್ತರ ಕೊಡಬೇಕು. ಮುಖದಲ್ಲಿ ಅಂಜಿಕೆ ಇದೆ, ಅವರು ಮುಚ್ಚಿಡುವುದೂ ಇಲ್ಲ. “ಕೆಲಸಾ ಬೇಕ್ರಿ ನನಗ. ಮನ್ಯಾಗ ಗಳಸಾಕಿ ನಾ ಒಬ್ಬಾಕಿ.”

ಹಾಗಾದರೆ ಪತ್ರಿಕೆಯಲ್ಲಿ ಹೆಸರು ಬೇಡವೇ ಎಂದು ಕೇಳುತ್ತೇನೆ.

“ಹೆಸರು ಬರೀರಿ. ಟೀಮ್ ಅಂತ ಮಾತ್ರ ಬರೀಬ್ಯಾಡ್ರಿ.”

ಅಮೀರ್‌ಪೇಟ್ ಬರುತ್ತದೆ. ಇಳಿಯುವ ಮೊದಲು ಸುವರ್ಣಾ ಬ್ಯಾಗಿನಿಂದ ಬಾಟಲಿ ತೆಗೆದು ಗಟಗಟನೆ ನೀರು ಕುಡಿಯುತ್ತಾರೆ. ನೋಟಿಸಿಗೆ ಏನು ಬರೆಯುತ್ತೀರಿ ಎಂದರೆ ಬಾಯಿ ಒರೆಸಿಕೊಳ್ಳುತ್ತಾರೆ.

“ಇದ್ದದ್ದು ಬರೀತೀನಿ. ಬೇಕಾದ್ರ ಅದನ್ನೂ ಅಳಸ್ಲಿ. ಬಾಗಲಾ ತೆರದೈತಿ.”